ಕುದುರೆ ಕೂರುವ ಜಾಗ

ಗೌರಿಬಿದನೂರು
12 ಜೂನ್ 2023

ಪ್ರೀತಿಯ ಆಶಾ,

ನಮ್ಮ ಕಾಲೇಜಿನ ತನುಜಳ ಮದುವೆಯಲ್ಲಿ ಊಟಕ್ಕೆ ಕೂತಾಗ, ಒಂದು ಗಿಟಾರ್ ಕಳಿಸುತ್ತೇನೆ ಅಂತ ನಾನು ಹೇಳಿದ್ದನ್ನು ನೀನು ತಮಾಷೆ ಅಂದುಕೊಂಡು ನಕ್ಕೆ. ತಮಾಷೆ ಅಲ್ಲ. ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ಶಿಡ್ಲಘಟ್ಟದ ಬಸ್ ನಿಲ್ದಾಣಕ್ಕೆ ನಿನ್ನ ಹೆಸರಿನಲ್ಲಿ ಒಂದು ಉದ್ದನೆಯ ಪೆಟ್ಟಿಗೆ ಬಂದಿರುತ್ತದೆ. ನಿಮ್ಮ ಯಜಮಾನರನ್ನು ಕಳಿಸಿ ಬಿಡಿಸಿಕೋ. ಒಳಗೆ ಒಂದು ಎಲೆಕ್ಟ್ರಿಕ್ ಗಿಟಾರ್ ಇದೆ, ಆದರೆ ಬಿಡಿಬಿಡಿಯಾಗಿ. ಮರದ ಮೈ ಬೇರೆ, ಕುತ್ತಿಗೆ ಬೇರೆ, ತಂತಿ, ವೈರು, ಸ್ಕ್ರೂ ಎಲ್ಲ ಸಣ್ಣ ಸಣ್ಣ ಕವರುಗಳಲ್ಲಿ. ಕೊಂಡವರು ಮನೆಯಲ್ಲಿ ಕೂತು ತಾವೇ ಜೋಡಿಸಿಕೊಳ್ಳಬೇಕು. ಇಲ್ಲಿ ರೈಲ್ವೆ ಸ್ಟೇಷನ್ ಹಿಂದಿನ ಶೆಡ್ಡಿನಲ್ಲಿ ನಾವು ತಯಾರಿಸುವುದು ಇಂಥ ಕಿಟ್‌ಗಳನ್ನೇ.

ಇಷ್ಟು ದಿನ ಜೊತೆಗೆ ಇಂಗ್ಲಿಷಿನ ಒಂದು ಹಾಳೆ ಹಾಕುತ್ತಿದ್ದೆವು. ಅದನ್ನು ಓದಿ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಅರ್ಧ ಜೋಡಿಸಿ, ಬೇಜಾರು ಮಾಡಿಕೊಂಡು ವಾಪಸು ಕಳಿಸುತ್ತಿದ್ದರು. ಈಗ ಮಾಲೀಕರು, ಜಗನ್ ಸರ್, ಕನ್ನಡದಲ್ಲಿ ಒಂದು ಕೈಪಿಡಿ ಆಗಲೇಬೇಕು ಅಂದಿದ್ದಾರೆ. ಬರೆಯುವ ಕೆಲಸ ನನಗೆ ಬಂದಿದೆ. ಮುಖಪುಟದಲ್ಲಿ ನನ್ನ ಹೆಸರು ಹಾಕುತ್ತಾರಂತೆ.

ಅಚ್ಚಿಗೆ ಹೋಗುವ ಮೊದಲು ಹಿಂದೆ ಜೋಡಿಸಿ ಗೊತ್ತಿಲ್ಲದ ಯಾರಾದರೂ ಅದನ್ನು ಓದಿ, ಅದರಂತೆಯೇ ಒಂದು ಗಿಟಾರ್ ಜೋಡಿಸಿ ನೋಡಬೇಕು. ಅದಕ್ಕೆ ಸರ್ ಒಂದು ನಿಯಮ ಇಟ್ಟಿದ್ದಾರೆ. ಜೋಡಿಸುವವರು ನನಗೆ ಫೋನ್ ಮಾಡುವ ಹಾಗಿಲ್ಲ. "ಕೊಂಡ್ಕೊಂಡೋರ ಹತ್ರ ನಿನ್ ನಂಬರ್ ಇರಲ್ಲ ಕಣಮ್ಮ. ಪುಸ್ತಕದಲ್ಲಿ ಇಲ್ದಿದ್ದು ಅವ್ರಿಗೆ ಹೆಂಗ್ ಗೊತ್ತಾಗ್ಬೇಕು? ಎಲ್ಲಿ ತೊಡಕಾಯ್ತೋ ಅದನ್ನ ಬರ್ದು ಕಳಿಸ್ಲಿ," ಅನ್ನುತ್ತಾರೆ. ಅದಕ್ಕೇ ಈ ಕಾಗದ.

ಯಾರನ್ನು ಕೇಳಲಿ ಅಂತ ಯೋಚಿಸಿದಾಗ ನೀನೇ ನೆನಪಾದೆ. ಚಿಂತಾಮಣಿಯ ಪಾಲಿಟೆಕ್ನಿಕ್‌ನಲ್ಲಿ ಗಿಟಾರ್ ಅಂದರೆ ಆಶಾರಾಣಿ ಅಲ್ಲವೇ. ನೀನು ವೇದಿಕೆಯ ಮೇಲೆ, ನಾನು ಕೆಳಗೆ ಆಂಪ್ಲಿಫೈಯರ್ ಪಕ್ಕದಲ್ಲಿ ವೈರು ಸರಿಮಾಡುತ್ತಾ. ಈಗ ನೋಡು, ಬೆಳಗಿನಿಂದ ಸಂಜೆಯವರೆಗೆ ಗಿಟಾರ್ ನನ್ನ ಕೈಯಲ್ಲಿ. ಒಂದು ಸ್ವರ ನುಡಿಸಲು ಬಾರದು, ಅದು ಬೇರೆ ಮಾತು.

ಮೊದಲ ಹನ್ನೆರಡು ಪುಟ ಪೆಟ್ಟಿಗೆಯಲ್ಲಿವೆ. ಕಾಯುತ್ತಿರುತ್ತೇನೆ.

ನಿನ್ನ
ಶಿರೀಷಾ


ಶಿಡ್ಲಘಟ್ಟ
21 ಜೂನ್ 2023

ಶಿರೀ,

ಪೆಟ್ಟಿಗೆ ಬಂತು. ಕನಕರಾಜ್ ಅದನ್ನು ಸ್ಕೂಟರಿನ ಮೇಲೆ ಅಡ್ಡ ಇಟ್ಟುಕೊಂಡು ಬಂದದ್ದು ನೋಡಿ, ನಮ್ಮ ರೇಷ್ಮೆ ಬಿಚ್ಚಾಣಿಕೆ ಘಟಕಕ್ಕೆ ಹೊಸ ಮಿಷನ್ ಬಂತೇ ಅಂತ ಬೀದಿಯವರೆಲ್ಲ ವಿಚಾರಿಸಿದರು. ನಾನು ಬಿಚ್ಚುವ ಮೊದಲೇ ಅತ್ತೆ ನಿನ್ನ ಮೊದಲ ಪುಟ ಕೈಗೆತ್ತಿಕೊಂಡರು. "ಕುತ್ತಿಗೆಯನ್ನು ಮೈಯ ಪಕ್ಕದಲ್ಲಿ ಮಲಗಿಸಿ, ಒರಟಾಗಿದ್ದರೆ ಉಜ್ಜಿ" ಅಂತ ಜೋರಾಗಿ ಓದಿ, ತಮ್ಮ ತೆಲುಗು ಬೆರೆಸಿ, "ಏಮಮ್ಮಾ ಇದಿ, ಕೋಳಿ ಕುಯ್ಯೋ ಪುಸ್ತಕನಾ?" ಅಂದರು. ನನಗೆ ನಗು ತಡೆಯಲಾಗಲಿಲ್ಲ. ಪುಸ್ತಕದ ಶುರುವಿನಲ್ಲೇ ಗಿಟಾರಿನ ಒಂದು ಚಿತ್ರ ಬರೆದು ಯಾವುದು ಕುತ್ತಿಗೆ, ಯಾವುದು ಮೈ ಅಂತ ತೋರಿಸು.

ನಾಲ್ಕನೆಯ ಪುಟದಲ್ಲಿ "ಎಡಗಡೆಯ ತೂತು" ಅಂದಿದ್ದೀಯ. ನನ್ನ ಎಡವೋ, ಗಿಟಾರಿನ ಎಡವೋ? ಅದನ್ನು ಮಗುಚಿ ಹಾಕಿಕೊಂಡಿದ್ದರೆ ಯಾವ ಎಡ? ಆರನೆಯ ಪುಟದಲ್ಲಿ "ಸಾಕಷ್ಟು ಬಿಗಿ ಮಾಡಿ" ಅಂದಿದ್ದೀಯ. ನಾನು ಸಾಕಷ್ಟು ಅಂದುಕೊಂಡದ್ದಕ್ಕೆ ಮರ ಕಿರ್ ಅಂದಿತು. ಕೈ ತಡೆದಾಗ ನಿಲ್ಲಿಸಿ ಅಂತಲೋ, ಬೆರಳಲ್ಲಿ ತಿರುಗದಷ್ಟು ಅಂತಲೋ ಏನಾದರೂ ಬರೆ.

ಬೆಳಗಿನಿಂದ ಸಂಜೆಯವರೆಗೆ ಗಿಟಾರ್ ನಿನ್ನ ಕೈಯಲ್ಲಿ ಅಂತ ಬರೆದ ಸಾಲಿಗೆ ಮತ್ತೆ ಮತ್ತೆ ಹಿಂತಿರುಗಿ ಹೋದೆ. ಬೆಂಗಳೂರಿನ ಆರ್ಕೆಸ್ಟ್ರಾದವರು ನನ್ನನ್ನು ತೆಗೆದುಕೊಳ್ಳಲಿಲ್ಲ ಅಂತ ನಿನಗೆ ಗೊತ್ತು. ಊರಿಗೆ ಬಂದವಳೇ ಗಿಟಾರನ್ನು ಯಾರಿಗೋ ಕೊಟ್ಟುಬಿಟ್ಟೆ. ಮದುವೆಯಾದ ಮೇಲೆ ಈ ಮನೆಯಲ್ಲಿ ಯಾರೂ ನುಡಿಸಬೇಡ ಅನ್ನಲಿಲ್ಲ. ಅಂದಿದ್ದರೆ ಅವರನ್ನು ಬೈದುಕೊಂಡಾದರೂ ಇರಬಹುದಿತ್ತು. ಶ್ರುತಿ ಏರಿದೆಯೋ ಇಳಿದಿದೆಯೋ ತಿಳಿಯದವಳ ಕೈಗೆ ದಿನವೂ ಗಿಟಾರು. ನಗುತ್ತಲೇ ಬರೆಯುತ್ತಿದ್ದೇನೆ, ನೀನೂ ನಗುತ್ತಲೇ ಓದಿಕೋ.

ಆಶಾ


ಗೌರಿಬಿದನೂರು
3 ಜುಲೈ 2023

ಆಶಾ,

ನಕ್ಕೆ. ನೀನು ಹೇಳಿದ್ದನ್ನೆಲ್ಲ ತಿದ್ದಿದ್ದೇನೆ. ಚಿತ್ರ ಬಂದಿದೆ. ಎಡ ಬಲ ಎರಡೂ ಹೋಗಿ, "ತಂತಿ ಬಿಗಿಯುವ ತುದಿಯ ಕಡೆ", "ನಿಮ್ಮ ಹೊಟ್ಟೆಯ ಕಡೆ" ಅಂತಾಗಿದೆ. ಸರ್ ಓದಿ ತಲೆಯಾಡಿಸಿದರು. ಅವರು ಅಷ್ಟು ಮಾಡುವುದೇ ದೊಡ್ಡದು.

ಶ್ರುತಿಯ ಮಾತು ಬಂತಲ್ಲ, ನನಗೂ ಒಂದು ನೆನಪಾಯಿತು. ಕೊನೆಯ ವರ್ಷದ ಕಾಲೇಜು ದಿನ. ನೀನು ಹಾಡು ಶುರುಮಾಡುವ ಮೊದಲು ಆಂಪ್ಲಿಫೈಯರ್ ಸತ್ತು ಹೋಯಿತು. ಪರದೆಯ ಹಿಂದೆ ಮಂಡಿಯೂರಿ, ಬೆರಳು ಸುಟ್ಟುಕೊಂಡು ಅದನ್ನು ಎಬ್ಬಿಸಿದವಳು ನಾನು. ಮರುದಿನ ಪತ್ರಿಕೆಯಲ್ಲಿ ನಿನ್ನ ಫೋಟೋ ಬಂತು. ಅದರ ಮೂಲೆಯಲ್ಲಿ ನನ್ನ ಮೊಣಕೈ ಬಂದಿತ್ತು. ಅಮ್ಮ ಅದನ್ನು ಕತ್ತರಿಸಿ ಇಟ್ಟುಕೊಂಡಿದ್ದಳು. ಬಂದವರಿಗೆಲ್ಲ ತೋರಿಸಿ, "ಇದು ನಮ್ ಶಿರೀಷಾ ಕೈ," ಅನ್ನುತ್ತಿದ್ದಳು.

ಉಳಿದ ಪುಟಗಳು ಈ ಕಾಗದದ ಜೊತೆ ಇವೆ. ಹದಿನಾಲ್ಕನೆಯ ಪುಟ ಬ್ರಿಡ್ಜ್ ಕೂರಿಸುವುದು. ಅಲ್ಲಿ ಮೈಗೆ ತೂತು ಕೊರೆಯಬೇಕು, ಹುಷಾರು. ಆಮೇಲೆ ವೈರಿಂಗ್, ಕೊನೆಗೆ ತಂತಿ ಹಾಕುವುದು. ವೈರಿಂಗ್ ಭಾಗ ನನಗೆ ತುಂಬಾ ಇಷ್ಟವಾದದ್ದು. ಅದನ್ನು ನಿಧಾನವಾಗಿ ಓದು.

ಶಿರೀಷಾ


ಶಿಡ್ಲಘಟ್ಟ
17 ಜುಲೈ 2023

ಶಿರೀ,

ಇನ್ನೂ ಜೋಡಿಸಲು ಕೂತಿಲ್ಲ. ಪುಟಗಳನ್ನು ಓದಿದೆ ಅಷ್ಟೆ. ಗೂಡು ಮಾರುಕಟ್ಟೆ ಜೋರಾಗಿದೆ, ಕನಕರಾಜ್ ಬೆಳಗ್ಗೆ ಹೋದರೆ ಮಧ್ಯಾಹ್ನ ಬರುತ್ತಾರೆ. ಘಟಕ ನಾನೇ ನೋಡಿಕೊಳ್ಳಬೇಕು.

ಎರಡು ಮಾತು ಹೇಳಬೇಕು. ಮೊದಲನೆಯದು, ಬ್ರಿಡ್ಜ್ ಅಂತ ಯಾಕೆ ಬರೆಯುತ್ತೀಯ? ವೀಣೆಯಲ್ಲಿ ತಂತಿಗಳನ್ನು ಹೊತ್ತುಕೊಂಡು ಕೂರುವ ಆ ತುಂಡಿಗೆ ಕುದುರೆ ಅನ್ನುತ್ತಾರೆ. ಬೆರಳಿಡುವ ಪಟ್ಟಿಗಳಿಗೆ ಮೆಟ್ಟು, ತಂತಿ ಬಿಗಿಯುವುದಕ್ಕೆ ಬಿರಡೆ. ಮೂರು ಮಾತೂ ನಮ್ಮಲ್ಲೇ ಇವೆ. ಓದುವವರಿಗೆ ಕುದುರೆ ಅಂದ ತಕ್ಷಣ ಅದರ ಮೇಲೆ ಏನೋ ಸವಾರಿ ಮಾಡುತ್ತದೆ ಅಂತ ತಾನಾಗಿ ಗೊತ್ತಾಗುತ್ತದೆ.

ಎರಡನೆಯದು ತಂತಿಯ ಭಾಗ. "ತಂತಿಯನ್ನು ಅಚ್ಚುಕಟ್ಟಾಗಿ ಸುತ್ತಿ" ಅಂತ ಮುಗಿಸಿಬಿಟ್ಟಿದ್ದೀಯ. ಘಟಕಕ್ಕೆ ಹೊಸದಾಗಿ ಬಂದವರಿಗೆ ನಾನು ಹೇಳುವುದನ್ನೇ ಇಲ್ಲಿ ಬರೆಯುತ್ತೇನೆ, ನೋಡು. ಎಳೆಯ ಮೇಲೆ ಎಳೆ ಹತ್ತಬಾರದು, ಪಕ್ಕದಲ್ಲಿ ಕೂರಬೇಕು. ಹತ್ತಿ ಕೂತದ್ದು ನಾಳೆ ಜಾರುತ್ತದೆ. ಗಿಟಾರಿನ ತಂತಿಯೂ ಹಾಗೆಯೇ. ಮೊದಲ ಸುತ್ತಿನ ಕೆಳಗೆ ಮುಂದಿನದು, ಅದರ ಕೆಳಗೆ ಇನ್ನೊಂದು. ಒಂದು ಕೈ ಬಿರಡೆ ತಿರುಗಿಸುತ್ತಿದ್ದರೆ ಇನ್ನೊಂದು ಕೈ ತಂತಿಯನ್ನು ಹಿಡಿದೂ ಹಿಡಿಯದ ಹಾಗೆ ಹಿಡಿದಿರಬೇಕು, ಎಳೆಗರುವನ್ನು ಹಗ್ಗದಲ್ಲಿ ಹಿಡಿದುಕೊಂಡ ಹಾಗೆ. ಹೊಸ ತಂತಿ ಮಾರನೆಯ ದಿನ ಇಳಿದಿರುತ್ತದೆ. ಹೆದರಬೇಡಿ, ನಿಮ್ಮಿಂದ ಏನೂ ಕೆಟ್ಟಿಲ್ಲ. ಹೊಸ ಮನೆಗೆ ಬಂದವಳು ಹೊಂದಿಕೊಳ್ಳುತ್ತಿದ್ದಾಳೆ ಅಂದುಕೊಂಡು ಮತ್ತೆ ಬಿಗಿ ಮಾಡಿ.

ಎಷ್ಟೋ ವರ್ಷದ ಮೇಲೆ ಇಷ್ಟು ಉದ್ದ ಬರೆದೆ. ಬರೆದ ಮೇಲೆ ಕೈಗೆ ಏನೋ ಖುಷಿ.

ಆಶಾ


ಗೌರಿಬಿದನೂರು
28 ಜುಲೈ 2023

ಆಶಾರಾಣಿ,

ನಿನ್ನ ಕಾಗದ ನನ್ನ ಮೇಜಿನ ಮೇಲೆ ಇತ್ತು. ನಾನು ಊಟಕ್ಕೆ ಹೋಗಿದ್ದಾಗ ಸರ್ ಅದನ್ನು ಓದಿದ್ದಾರೆ. ವಾಪಸು ಬಂದರೆ ಒಬ್ಬರೇ ನಿಂತುಕೊಂಡು ನಗುತ್ತಿದ್ದರು. "ಎಳೆಗರು ಅಂತೆ ಕಣಮ್ಮ. ಯಾರಿದು? ಹಿಂಗಿರ್ಬೇಕು ನೋಡು ಪುಸ್ತಕ ಅಂದ್ರೆ," ಅಂದರು. ಈ ಕೈಪಿಡಿ ಶುರುಮಾಡಿ ಎಷ್ಟು ತಿಂಗಳಾಯಿತು. ನನ್ನ ಒಂದು ಪುಟ ಓದಿ ಅವರು ನಕ್ಕದ್ದನ್ನು ನಾನು ನೋಡಿಲ್ಲ.

ಕುದುರೆ, ಮೆಟ್ಟು, ಬಿರಡೆ ಮೂರನ್ನೂ ಸೇರಿಸಲು ಹೇಳಿದ್ದಾರೆ. ಸೇರಿಸಿದ್ದೇನೆ.

ಒಂದು ಮಾತು ಸ್ಪಷ್ಟವಾಗಿ ಹೇಳುತ್ತೇನೆ, ಬೇಜಾರಾಗಬೇಡ. ಇದು ಕೈಪಿಡಿ, ಕಥೆಯಲ್ಲ. ಕರು ಕಾಣದವರೂ ಇದನ್ನು ಕೊಳ್ಳುತ್ತಾರೆ. ನಿನ್ನಿಂದ ನನಗೆ ಬೇಕಾಗಿರುವುದು ಪರೀಕ್ಷೆ ಮಾತ್ರ. ಇನ್ನು ಮುಂದೆ ಹೋಲಿಕೆ ಗೀಲಿಕೆ ಬೇಡ. ಪ್ರತಿ ಪುಟದ ಮುಂದೆ ಸರಿ ಅಥವಾ ತಪ್ಪು ಅಂತ ಬರೆದು ಕಳಿಸು, ಸಾಕು. ಕೊನೆಯ ಪುಟದಲ್ಲಿ ಕೃತಜ್ಞತೆ ಅಂತ ಒಂದು ಸಾಲು ಇದೆ. ಅಲ್ಲಿ ನಿನ್ನ ಹೆಸರು ಹಾಕಿದ್ದೇನೆ.

ಶಿರೀಷಾ


ಶಿಡ್ಲಘಟ್ಟ
14 ಆಗಸ್ಟ್ 2023

ಶಿರೀಷಾ,

ಗಿಟಾರ್ ಜೋಡಿಸಿ ಮುಗಿಯಿತು. ನೀನು ಕೇಳಿದ ಹಾಗೆ ಬರೆಯುತ್ತಿದ್ದೇನೆ.

ಹದಿಮೂರನೆಯ ಪುಟ, ಸರಿ. ಹದಿನಾಲ್ಕು, ಸರಿ. ವೈರಿಂಗಿನ ಪುಟಗಳೆಲ್ಲ ಸರಿ. ತಂತಿ, ಸರಿ.

ಹೇಳುವುದಕ್ಕೆ ಬೇರೇನೂ ಇಲ್ಲ.

ಆಶಾರಾಣಿ


ಗೌರಿಬಿದನೂರು
10 ಅಕ್ಟೋಬರ್ 2023

ಆಶಾ,

ಎರಡು ತಿಂಗಳು ಬರೆಯಲಿಲ್ಲ. ಏನು ಬರೆಯುವುದು ಅಂತ ತಿಳಿಯಲಿಲ್ಲ.

ಜಗನ್ ಸರ್ ನಿನಗೆ ನೇರವಾಗಿ ಫೋನ್ ಮಾಡಿದ್ದು, ತಂತಿಯ ಅಧ್ಯಾಯವನ್ನು ನೀನೇ ಪೂರ್ತಿ ಬರೆದು ಕಳಿಸಿದ್ದು ನನಗೆ ಗೊತ್ತಾದದ್ದು ಪುಟ ಜೋಡಿಸುವವರು ಬಂದು, "ಮೇಡಂ, ಈ ಅಧ್ಯಾಯಕ್ಕೆ ಬೇರೆ ಹೆಸ್ರಿದೆಯಲ್ಲ," ಅಂದಾಗ. ನೀನಾಗಿ ನನಗೆ ಒಂದು ಸಾಲು ಬರೆಯಬಹುದಿತ್ತು. ಫೋನ್ ಮಾಡಬಾರದು ಅನ್ನುವ ನಿಯಮ ನನಗೆ ಮಾತ್ರ ಅಂತ ಕಾಣುತ್ತದೆ.

ಚೆನ್ನಾಗಿ ಬರೆದಿದ್ದೀಯ. ಅದನ್ನು ಹೇಳದೆ ಇರಲು ತುಂಬಾ ಪ್ರಯತ್ನಪಟ್ಟೆ.

ನವೆಂಬರ್ ಕೊನೆಗೆ ಚಿಕ್ಕಬಳ್ಳಾಪುರದಲ್ಲಿ ಒಂದು ಸಣ್ಣ ಸಮಾರಂಭ ಇಟ್ಟಿದ್ದಾರೆ, ಕೈಪಿಡಿಯ ಬಿಡುಗಡೆ. ನೀನು ಜೋಡಿಸಿದ ಗಿಟಾರನ್ನು ತಂದು ನುಡಿಸಬೇಕಂತೆ. ನಿನಗೆ ಹೇಳಲು ನನ್ನನ್ನೇ ಕೇಳಿದರು. ಹೇಳಿದ್ದೇನೆ.

ಶಿರೀಷಾ


ಶಿಡ್ಲಘಟ್ಟ
16 ಅಕ್ಟೋಬರ್ 2023

ಶಿರೀ,

ಬರುತ್ತೇನೆ. ನುಡಿಸುತ್ತೇನೆ. ಅವರು ಕೇಳಿದಾಗ ನಿನಗೆ ತಿಳಿಸಬೇಕಿತ್ತು, ನಿಜ. ತಿಳಿಸಿದರೆ ನೀನು ಬೇಡ ಅನ್ನುತ್ತೀಯ ಅಂತ ಗೊತ್ತಿತ್ತು. ನನಗೆ ಬೇಕಾಗಿತ್ತು.

ಪುಸ್ತಕ ಪೂರ್ತಿ ಅಚ್ಚಾಗಿಹೋಯಿತೇ? ಇನ್ನೂ ಒಂದೆರಡು ಪುಟ ತಿದ್ದಲು ಆಗುತ್ತದೆಯೇ? ಸುಮ್ಮನೆ ಕೇಳಿದೆ.

ಆಶಾ


ಗೌರಿಬಿದನೂರು
20 ಅಕ್ಟೋಬರ್ 2023

ಆಶಾ,

ಅಚ್ಚು ಶುರುವಾಗುವುದು ಮುಂದಿನ ವಾರ. ಆದರೆ ತಿದ್ದಲು ಆಗುವುದಿಲ್ಲ. ನಿನ್ನ ಅಧ್ಯಾಯ ಈಗಲೇ ನನ್ನ ವೈರಿಂಗ್ ಅಧ್ಯಾಯಕ್ಕಿಂತ ಉದ್ದವಾಗಿದೆ. ಇನ್ನು ಅದಕ್ಕೆ ಒಂದು ಸಾಲನ್ನೂ ಸೇರಿಸಲು ಬಿಡುವುದಿಲ್ಲ.

ಶಿರೀಷಾ


ಗೌರಿಬಿದನೂರು
9 ಜನವರಿ 2024

ಆಶಾರಾಣಿ,

ಮಾರಿದ ಕಿಟ್‌ಗಳು ವಾಪಸು ಬರುತ್ತಿವೆ. ಪೆಟ್ಟಿಗೆಗಳು ಶೆಡ್ಡಿನ ಬಾಗಿಲಿನವರೆಗೆ ಬಂದು ನಿಂತಿವೆ. ಎಲ್ಲರದ್ದೂ ಒಂದೇ ದೂರು. ತಂತಿ ಬಿಟ್ಟು ನುಡಿಸಿದರೆ ಸರಿಯಿದೆ, ಮೆಟ್ಟಿನ ಮೇಲೆ ಬೆರಳಿಟ್ಟರೆ ಅಪಸ್ವರ. ಮೇಲಕ್ಕೆ ಹೋದಷ್ಟೂ ಕೆಡುತ್ತದೆ.

ತಪ್ಪು ನನ್ನದು. ಕುತ್ತಿಗೆಯ ತುದಿಯ ಬಿಳಿ ಪಟ್ಟಿಯಿಂದ ಕುದುರೆಯವರೆಗೆ 648 ಮಿಲಿಮೀಟರ್ ಇರಬೇಕು. ಹದಿನಾಲ್ಕನೆಯ ಪುಟದಲ್ಲಿ 628 ಅಂತ ಅಚ್ಚಾಗಿದೆ. ಅದು ನಾವು ಮೊದಲು ಮಾಡುತ್ತಿದ್ದ ಸಣ್ಣ ಗಿಟಾರಿನ ಅಳತೆ. ಹಳೆಯ ಹಾಳೆಯಿಂದ ಎತ್ತಿ ಬರೆದುಬಿಟ್ಟಿದ್ದೇನೆ. ಶೆಡ್ಡಿನಲ್ಲಿ ಮಾದರಿ ಗಿಟಾರಿಗೆ ಕೊರೆಯುವವರು ತೂತಿನ ಜಾಗ ಗುರುತಿಸಿದ ಅಚ್ಚಿನ ಹಲಗೆ ಇಟ್ಟು ಕೊರೆಯುತ್ತಾರೆ, ಅವರ್ಯಾರೂ ಪುಸ್ತಕ ನೋಡುವುದಿಲ್ಲ. ಕೊಂಡವರು ಮಾತ್ರ ಪುಸ್ತಕ ನಂಬಿ ಎರಡು ಸೆಂಟಿಮೀಟರ್ ಈಚೆಗೆ ತೂತು ಕೊರೆದಿದ್ದಾರೆ. ಒಮ್ಮೆ ಕೊರೆದ ಮರ ಕೊರೆದ ಹಾಗೆಯೇ.

ಸರ್ ಕೂಗಾಡಲಿಲ್ಲ. ನನ್ನನ್ನು ವೈರು ಬೆಸೆಯುವ ಸೋಲ್ಡರ್ ಮೇಜಿಗೆ ಹಾಕಿದ್ದಾರೆ. ಎರಡನೆಯ ಮುದ್ರಣವನ್ನು ನಾನು ಬರೆಯುವುದಿಲ್ಲ.

ಇಷ್ಟೇ ಆಗಿದ್ದರೆ ನಿನಗೆ ಈ ಕಾಗದ ಬರೆಯುತ್ತಿರಲಿಲ್ಲ. ಚಿಕ್ಕಬಳ್ಳಾಪುರದ ಸಮಾರಂಭ ನೆನಪಾಗುತ್ತಿದೆ. ನಿನ್ನ ಆಂಪ್ಲಿಫೈಯರನ್ನು ಮೆಟ್ಟಿಲು ಹತ್ತಿಸಿದವಳು ನಾನೇ. ಹದಿನೈದು ವರ್ಷ ಕಳೆದರೂ ನಾವಿಬ್ಬರೂ ನಿಲ್ಲುವ ಜಾಗ ಬದಲಾಗಲಿಲ್ಲ ಅಂದುಕೊಂಡೆ. ನೀನು ನುಡಿಸಿದೆ. ಮುಗಿದ ಮೇಲೆ ಜನ ಕೈಪಿಡಿ ಹಿಡಿದುಕೊಂಡು ನಿನ್ನ ಹತ್ತಿರ ಸಹಿ ಹಾಕಿಸಿಕೊಳ್ಳಲು ಬಂದರು. ಮುಖಪುಟದಲ್ಲಿ ಹೆಸರಿದ್ದವಳು ವೈರು ಸುತ್ತುತ್ತಿದ್ದಳು. ಆವತ್ತು ನನಗಾದ ಸಂಕಟವನ್ನು ಯಾರ ಹತ್ತಿರವೂ ಹೇಳಿಕೊಂಡಿಲ್ಲ. ಒಳಗೆಲ್ಲ ಕೆಂಡ.

ಆ ಕೆಂಡದಲ್ಲೇ ನಿನ್ನ ಬೆರಳನ್ನು ನೋಡುತ್ತಿದ್ದೆ. ಕೊನೆಯ ಮೆಟ್ಟಿನವರೆಗೆ ಹೋಗಿ ಬಂದೆ. ನನಗೆ ಶ್ರುತಿ ತಿಳಿಯುವುದಿಲ್ಲ, ನೀನೇ ಹೇಳಿದ್ದೀಯ. ಆದರೆ ಸರ್‌ಗೆ ತಿಳಿಯುತ್ತದೆ. ನನ್ನ ಪಕ್ಕದಲ್ಲೇ ನಿಂತಿದ್ದರು. "ಮೇಲಿನ ಮೆಟ್ಟಲ್ಲೂ ಒಂಚೂರು ಶ್ರುತಿ ಬಿಡ್ಲಿಲ್ಲ ನೋಡು. ನಮ್ ಕಿಟ್ ಅಂದ್ರೆ ಹಿಂಗೆ," ಅಂದರು.

ಹದಿನಾಲ್ಕನೆಯ ಪುಟದಂತೆ ಕುದುರೆ ಕೂರಿಸಿದ ಗಿಟಾರ್ ಶ್ರುತಿಯಲ್ಲಿ ಇರಲು ಸಾಧ್ಯವೇ ಇಲ್ಲ. ನಿನ್ನದು ಇತ್ತು.

ಶಿರೀಷಾ


ಶಿಡ್ಲಘಟ್ಟ
24 ಜನವರಿ 2024

ಶಿರೀಷಾ,

ಹೌದು.

ಕೊರೆಯುವ ಮೊದಲೇ ನೋಡಿದೆ. ಹನ್ನೆರಡನೆಯ ಮೆಟ್ಟು ತಂತಿಯ ಸರಿಯಾಗಿ ಅರ್ಧಕ್ಕೆ ಬರಬೇಕು. ನುಡಿಸುವವರಿಗೆಲ್ಲ ಅದು ಗೊತ್ತು. ಬಿಳಿ ಪಟ್ಟಿಯಿಂದ ಅಲ್ಲಿಯವರೆಗೆ ಅಳೆದು ಎರಡರಷ್ಟು ಮಾಡಿದರೆ 648 ಬಂತು. ನಿನ್ನ ಪುಟದಲ್ಲಿ 628 ಇತ್ತು. ನನ್ನ ಗಿಟಾರನ್ನು ನನ್ನ ಅಳತೆಯಂತೆ ಕೊರೆದೆ. ನಿನಗೆ ಸರಿ ಅಂತ ಬರೆದು ಕಳಿಸಿದೆ. ಸರಿ ತಪ್ಪು ಬಿಟ್ಟು ಬೇರೆ ಬರೆಯಬೇಡ ಅಂದಿದ್ದೆಯಲ್ಲ, ಅದನ್ನು ನೆಪ ಮಾಡಿಕೊಂಡೆ. ತಪ್ಪು ಅನ್ನುವ ಒಂದು ಮಾತಿಗೆ ಜಾಗ ಇತ್ತು.

ಪುಸ್ತಕದ ಮೇಲೆ ನಿನ್ನ ಹೆಸರು ಬರುತ್ತದೆ ಅನ್ನುವುದು ನನಗೆ ತಡೆಯಲಾಗಲಿಲ್ಲ. ಗಿಟಾರಿನ ಪಕ್ಕದಲ್ಲಿ ನಿನ್ನ ಹೆಸರು. ಯಾರಾದರೂ ಒಬ್ಬರು, ಇಬ್ಬರು ದೂರು ಹೇಳಲಿ, ನೀನು ಒಂದು ಸಲ ತಲೆ ತಗ್ಗಿಸಲಿ ಅಂತ ಇತ್ತು. ಶೆಡ್ಡಿನ ಬಾಗಿಲಿನವರೆಗೆ ಪೆಟ್ಟಿಗೆಗಳು ಬರುತ್ತವೆ ಅಂತ ಅನ್ನಿಸಿರಲಿಲ್ಲ. ಅಕ್ಟೋಬರಿನಲ್ಲಿ ಮನಸ್ಸು ತಡೆಯದೆ ಕೇಳಿದೆ, ಪುಟ ತಿದ್ದಲು ಆಗುತ್ತದೆಯೇ ಅಂತ. ನಿನ್ನ ಉತ್ತರ ಓದಿ ಮತ್ತೆ ಸಿಟ್ಟು ಬಂತು. ಕೈಬಿಟ್ಟೆ.

ನಿನ್ನ ಕಾಗದ ಬರುವ ಹಿಂದಿನ ದಿನ ಜಗನ್ ಸರ್ ಫೋನ್ ಮಾಡಿ, ಎರಡನೆಯ ಮುದ್ರಣ ನೀವೇ ಬರೆಯಿರಿ ಅಂದರು. ನಾನು ಹೂಂ ಅಂದೆ. ಅದನ್ನೂ ನೀನು ತಿಳಿದಿರಬೇಕು.

ಸೋಮವಾರ ಬಸ್ಸು ಹತ್ತಿ ಗೌರಿಬಿದನೂರಿಗೆ ಬಂದು ಅವರಿಗೆ ಎಲ್ಲ ಹೇಳಿದೆ. ವಾಪಸು ಬಂದ ಒಂದು ಗಿಟಾರನ್ನು ಎತ್ತಿ ಮೇಜಿನ ಮೇಲೆ ಇಟ್ಟರು. ಆಮೇಲೆ, "ನಿಮ್ಮಿಬ್ರ ಮಧ್ಯೆ ಏನಿದ್ಯೋ ನಂಗ್ ಬ್ಯಾಡಮ್ಮ. ಆ ಮರ ಏನ್ ಮಾಡಿತ್ತು ನಿಮಗೆ?" ಅಂದರು. ಎರಡನೆಯ ಮುದ್ರಣ ನಾನು ಬರೆಯುವುದಿಲ್ಲ ಅಂತ ಹೇಳಿ, ಈ ಜಿಲ್ಲೆಯಲ್ಲಿ ಕಿಟ್ ಕೊಂಡವರ ವಿಳಾಸ ಕೇಳಿ ತಂದಿದ್ದೇನೆ. ಹಳೆಯ ತೂತಿಗೆ ಮರದ ಗೂಟ ಬಡಿದು, ಅಂಟು ಹಾಕಿ, ಸರಿಯಾದ ಜಾಗದಲ್ಲಿ ಮತ್ತೆ ಕೊರೆಯಬಹುದಂತೆ. ನಮ್ಮ ಬೀದಿಯ ಬಡಗಿ ಕೊಂಡಪ್ಪನವರು ಹೇಳಿಕೊಡುತ್ತಿದ್ದಾರೆ.

ನೀನು ಶೆಡ್ಡಿನ ಒಳಗೇ ಇದ್ದೆ. ಸೋಲ್ಡರಿನ ಹೊಗೆಯ ವಾಸನೆ ಹೊರಗೆ ಬರುತ್ತಿತ್ತು. ನಾನು ಒಳಗೆ ಬರಲಿಲ್ಲ. ನೀನು ಹೊರಗೆ ಬರಲಿಲ್ಲ.

ಆಶಾರಾಣಿ


ಶಿಡ್ಲಘಟ್ಟ
19 ಫೆಬ್ರವರಿ 2024

ಶಿರೀಷಾ,

ನೀನು ಉತ್ತರ ಬರೆಯಲಿಲ್ಲ. ಬರೆಯಬೇಕಾಗಿಯೂ ಇಲ್ಲ. ಆದರೆ ನಿನ್ನೆ ಕೆಂಚಾರ್ಲಹಳ್ಳಿಯಲ್ಲಿ ಆದದ್ದನ್ನು ನಿನಗೆ ಹೇಳಲೇಬೇಕು.

ಅಂಬಾಜಿದುರ್ಗದ ಕಡೆಯ ಎರಡು ಮನೆ ಮುಗಿಸಿಕೊಂಡು ಅಲ್ಲಿಗೆ ಹೋದೆ. ಕೊಂಡವರ ಹೆಸರು ವೆಂಕಟರವಣಪ್ಪ. ಕಾಲೇಜು ಓದುವ ಹುಡುಗ ಇರಬೇಕು ಅಂದುಕೊಂಡಿದ್ದೆ. ಹೋದರೆ ನಿವೃತ್ತರಾದ ಬಸ್ ಕಂಡಕ್ಟರು, ಹಿಪ್ಪುನೇರಳೆ ತೋಟ ನೋಡಿಕೊಂಡಿದ್ದಾರೆ. ಕಿಟ್ ತಮಗೇ ಅಂತ ತರಿಸಿಕೊಂಡಿದ್ದು. ಚಿಂತಾಮಣಿ ಡಿಪೋದಲ್ಲಿದ್ದಾಗಿನಿಂದ ಆಸೆ ಇತ್ತಂತೆ. ಅವರ ಹೆಂಡತಿ ಅಮ್ಮಾಜಮ್ಮ ಕಾಫಿ ಕೊಟ್ಟು, "ಈ ವಯಸ್ಸಲ್ಲಿ ಇದೊಂದು ಕಮ್ಮಿ ಆಗಿತ್ತು ನೋಡಮ್ಮ ಇವ್ರಿಗೆ," ಅಂದರು. ಅಂದವರೇ ಅಟ್ಟ ಹತ್ತಿ, ಹಳೆಯ ಸೀರೆಯಲ್ಲಿ ಸುತ್ತಿಟ್ಟಿದ್ದ ಗಿಟಾರನ್ನು ತಾವೇ ಇಳಿಸಿ ತಂದರು.

"ವಾಪಸ್ ಯಾಕೆ ಕಳಿಸ್ಲಿಲ್ಲ?" ಅಂತ ಕೇಳಿದೆ.

"ಅದರದ್ದೇನ್ ತಪ್ಪಮ್ಮ," ಅಂದರು. "ಪುಸ್ತಕದಲ್ಲಿದ್ದಂಗೇ ಮಾಡ್ದೆ. ನುಡಿಸಿದ್ರೆ ಅಪಸ್ವರ. ನನ್ ಕಿವೀನೇ ಸರಿಯಿಲ್ಲ ಅನ್ಕೊಂಡೆ. ಡೀಸೆಲ್ ಗಾಡಿ ಸದ್ದಲ್ಲಿ ಮೂವತ್ತು ವರ್ಷ ನಿಂತ ಕಿವಿ, ಇದಕ್ಕೆಲ್ಲ ಸಂಗೀತ ಎಲ್ಲಿ ಹತ್ತುತ್ತೆ ಅಂತ ಎತ್ತಿಟ್ಬಿಟ್ಟೆ."

ಶಿರೀ, ಬೆಂಗಳೂರಿನವರು ನನ್ನನ್ನು ಬೇಡ ಅಂದಾಗ ನಾನು ಬಸ್ಸಿನಲ್ಲಿ ಕೂತು ಇದನ್ನೇ ಅಂದುಕೊಂಡಿದ್ದೆ. ನನಗೆ ಹತ್ತುವುದಿಲ್ಲ ಅಂತ. ಈಗ ಇವರ ಬಾಯಲ್ಲಿ ಆ ಮಾತನ್ನು ನಾನು ಅನ್ನಿಸಿದ್ದೆ, ಮುಖವನ್ನೂ ನೋಡದೆ. ಸುತ್ತಿಗೆ ತೆಗೆದು ಗೂಟ ಬಡಿಯಲು ಕೂತೆ. ಗಿಟಾರನ್ನು ಅವರೇ ಹಿಡಿದುಕೊಂಡರು. ಕುದುರೆಯನ್ನು ಹಿಂದಕ್ಕೆ ಕೂರಿಸಿ, ತಂತಿ ಹಾಕಿ ಕೊಟ್ಟೆ. ಹನ್ನೆರಡನೆಯ ಮೆಟ್ಟಿನ ಮೇಲೆ ಬೆರಳಿಟ್ಟು ಮೀಟಿದರು. ಮತ್ತೆ ಮೀಟಿದರು. "ಅಮ್ಮಾಜಿ, ಇಲ್ಲಿ ಬಾ. ಕಿವಿ ಸರಿಗೇ ಇದೆ ಕಣೇ," ಅಂದರು. ಆಯಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು ಒಳಗೆ ಹೋದರು.

ಹೊರಡುವಾಗ ಕೈಪಿಡಿ ತೆಗೆದು, "ಒಂದ್ ನಂಬರ್ ತಪ್ಪಾಯ್ತು, ಆಗ್ಲಿ. ಆ ವೈರಿನ ಪಾಠ ಬರ್ದಿರೋರು ಯಾರಮ್ಮ? ಪಕ್ಕದಲ್ಲಿ ಕೂತು ಕೈ ಹಿಡ್ದು ಹೇಳ್ಕೊಟ್ಟಂಗಿದೆ," ಅಂದರು.

ತಂತಿಯ ಪಾಠ ಹೇಗಿದೆ ಅಂತ ಕೇಳಿದೆ. ಕೇಳದೆ ಇರಲಾಗಲಿಲ್ಲ.

"ಅದೂ ಚೆನ್ನಾಗೈತೆ," ಅಂದರು. ಅಷ್ಟೇ.

ನಾನು ಮಾಡಿದ್ದನ್ನು ನಾನೇ ಸರಿಮಾಡುತ್ತಾ ಕೂತಿದ್ದಾಗಲೂ, ಕೈಯಲ್ಲಿ ಅಂಟು ಇನ್ನೂ ಒಣಗುವ ಮೊದಲೇ, ನಿನ್ನ ವೈರಿನ ಪಾಠದ ಮೇಲೆ ಹೊಟ್ಟೆಕಿಚ್ಚು ಬಂತು. ಅದು ಹೋಗಿಲ್ಲ. ಹೋಗಿದೆ ಅಂತ ನಿನಗೆ ಬರೆದರೆ ಅದು ಇನ್ನೊಂದು ಸುಳ್ಳು ‘ಸರಿ’ ಆಗುತ್ತದೆ. ಆದರೆ ಅವರಿಗೆ ನಿನ್ನ ಹೆಸರು ಹೇಳಿದೆ. ಊರು ಹೇಳಿದೆ. ನನ್ನ ಗೆಳತಿ ಅನ್ನಲು ಬಾಯಿ ಬರಲಿಲ್ಲ, ಅದನ್ನು ಹೇಳಬಹುದೋ ಇಲ್ಲವೋ ಗೊತ್ತಾಗಲಿಲ್ಲ.

ಆಶಾ


ಗೌರಿಬಿದನೂರು
15 ಮಾರ್ಚ್ 2024

ಆಶಾ,

ವೆಂಕಟರವಣಪ್ಪನವರು ಕಂಪನಿಯ ನಂಬರಿಗೆ ಫೋನ್ ಮಾಡಿ ನನ್ನನ್ನು ಕೇಳಿದರಂತೆ. ಸರ್ ಸೋಲ್ಡರ್ ಮೇಜಿನ ಹತ್ತಿರ ಬಂದು ಸ್ಪೀಕರ್ ಹಾಕಿ ಫೋನನ್ನು ನನ್ನ ಕಿವಿಯ ಹತ್ತಿರ ಹಿಡಿದರು. ಆ ಹಿರಿಯರು ಗಿಟಾರ್ ಮೀಟಿ ಕೇಳಿಸಿದರು. ಸರಿಯಿದೆಯೋ ಇಲ್ಲವೋ ನನಗೆ ತಿಳಿಯಲಿಲ್ಲ. ಸರ್ ಮುಖ ನೋಡಿ ತಿಳಿದುಕೊಂಡೆ. ಅದಾದ ವಾರಕ್ಕೆ ಎರಡನೆಯ ಮುದ್ರಣವನ್ನು ನೀನೇ ಮಾಡು ಅಂದರು.

ನಿನ್ನನ್ನು ಕ್ಷಮಿಸಿದ್ದೇನೆ ಅಂತ ಇದನ್ನು ಬರೆಯುತ್ತಿಲ್ಲ. ಗೌರಿಬಿದನೂರಿಗೆ ಈಗಲೇ ಬರಬೇಡ. ಬಂದರೆ ಏನು ಮಾತಾಡುತ್ತೇನೋ ನನಗೇ ಗೊತ್ತಿಲ್ಲ.

ಮೊದಲು ಮಾಡಿದ ಕೆಲಸ ನಿನ್ನ ಅಧ್ಯಾಯವನ್ನು ತೆಗೆದುಹಾಕಿದ್ದು. ತಂತಿ ಹಾಕುವುದನ್ನು ನಾನೇ ಹೊಸದಾಗಿ ಬರೆದೆ. ಹರಿದು ಹಾಕಿ ಮತ್ತೆ ಬರೆದೆ. ನಿನ್ನದನ್ನು ಪಕ್ಕದಲ್ಲಿಟ್ಟುಕೊಂಡು, ಅದರ ಹಾಗೆ ಇರಬಾರದು ಅಂತ ಬರೆದೆ. ಆಗ ಇನ್ನೂ ಕೆಟ್ಟದಾಯಿತು. ಕೊನೆಗೆ ನನ್ನ ಹಾಳೆಗಳನ್ನೆಲ್ಲ ಎತ್ತಿಟ್ಟು, ನಿನ್ನದನ್ನು ಇದ್ದ ಹಾಗೆಯೇ ಹಾಕಿದೆ. ಕರುವೂ ಇದೆ, ಹೊಸ ಮನೆಗೆ ಬಂದವಳೂ ಇದ್ದಾಳೆ. ನಿನ್ನ ಹೆಸರು ಆ ಅಧ್ಯಾಯದ ಕೆಳಗೆ ಇದೆ. ಕೊಳ್ಳುವವರಿಗೆ ಅದು ಬೇಕು, ಅದಕ್ಕೆ.

ಹದಿನಾಲ್ಕನೆಯ ಪುಟದಲ್ಲಿ ಈಗ ಅಂಕಿಯೇ ಇಲ್ಲ. ಬಿಳಿ ಪಟ್ಟಿಯಿಂದ ಹನ್ನೆರಡನೆಯ ಮೆಟ್ಟಿನವರೆಗೆ ಅಳೆಯಿರಿ, ಅಷ್ಟೇ ದೂರವನ್ನು ಅಲ್ಲಿಂದ ಮುಂದಕ್ಕೆ ಅಳೆಯಿರಿ, ಕುದುರೆ ಕೂರುವ ಜಾಗ ಅದೇ, ಅಂತ ಬರೆದಿದ್ದೇನೆ. ನಾನು ತಪ್ಪು ಬರೆದರೂ ಅವರು ಕಂಡುಕೊಳ್ಳುತ್ತಾರೆ.

ಸರ್ ಅದನ್ನು ಓದಿ ಜೋರಾಗಿ ನಕ್ಕರು. "ಎಷ್ಟು ಸುಲಭ ಮಾಡ್ಬಿಟ್ಟೆ ಕಣಮ್ಮ. ಯಾರು ಹೇಳ್ಕೊಟ್ರು?" ಅಂತ ಕೇಳಿದರು.

ನಿನ್ನ ಜನವರಿಯ ಕಾಗದ ಅಂತ ನಾನು ಹೇಳಲಿಲ್ಲ.

ಶಿರೀ